ಡಾಟ್ ಎಕ್ಸ್‌ವೈಝಡ್‌ನಲ್ಲಿ ಒಂದು ಸೈಟು

ಬೆಂಗಳೂರಿನಲ್ಲಿ 30×40 ಸೈಟು ಕೊಳ್ಳಲಾಗದ ನಮ್ಮ ಐಟಿ ಹುಡುಗರು ಈಗ ಇಂಟರ್ನೆಟ್ಟಿನಲ್ಲಿ ಸೈಟು ಕೊಳ್ಳುತ್ತಿದ್ದಾರೆ. ಡಾಟ್ ಎಕ್ಸ್‌ವೈಝಡ್, ಡಾಟ್ ಆನ್‌ಲೈನ್, ಡಾಟ್ ಸ್ಟೋರ್, ಡಾಟ್ ಸೈಟ್ ಅಂತ ಒಬ್ಬೊಬ್ಬರ ಹತ್ತಿರ 30-40 ಹೆಸರು. "ಒಂದಕ್ಕೆ ಬರೀ 99 ರೂಪಾಯಿ ಗುರು, ಒಂದೇ ಒಂದು ಸೇಲ್ ಆದ್ರೂ ಲೈಫ್ ಸೆಟ್ಲ್" ಅಂತ ಕೆಫೆಟೇರಿಯಾದಲ್ಲಿ ಹೇಳಿಕೊಂಡು ಓಡಾಡ್ತಾರೆ. ಇವರಿಗೆ ಇದನ್ನು ಹೇಳಿಕೊಟ್ಟವರು ಯೂಟ್ಯೂಬಿನಲ್ಲಿ ಕೋರ್ಸು ಮಾರುವ ಮಂದಿ. ಅವರು ಈ ದಂಧೆಗೆ ಇಟ್ಟಿರುವ ಹೆಸರು 'ಡಿಜಿಟಲ್ ರಿಯಲ್ ಎಸ್ಟೇಟ್'.

ನನ್ನ ತಕರಾರು ಆ ಹೆಸರಿನಿಂದಲೇ ಶುರುವಾಗುತ್ತದೆ. ಇದು ರಿಯಲ್ ಎಸ್ಟೇಟ್ ಅಲ್ಲ ಕಣ್ರೀ, ಗೇಣಿ. ಹಳ್ಳಿಯಲ್ಲಿ ಬೆಳೆದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಪಹಣಿಯಲ್ಲಿ ಹೆಸರು ಇರುವುದು ಒಡೆಯನದು, ವರ್ಷಾವರ್ಷ ಗೇಣಿ ಅಳೆಯುವವನು ನೀನು. ಡೊಮೇನ್ ವಿಷಯದಲ್ಲಿ ಒಡೆಯ ಅಂದರೆ ಆ ಎಕ್ಸ್‌ಟೆನ್ಷನ್ ನಡೆಸುವ ಕಂಪನಿ, ರಿಜಿಸ್ಟ್ರಿ. ನೀವು ದುಡ್ಡು ಕಟ್ಟುವ ವೆಬ್‌ಸೈಟು ರಿಜಿಸ್ಟ್ರಾರ್, ಅಂದರೆ ಒಡೆಯನ ಪರವಾಗಿ ಗೇಣಿ ವಸೂಲಿ ಮಾಡುವ ಶಾನುಭೋಗ. ನಮ್ಮ ರಾಜ್ಯದಲ್ಲಿ 1974ರಲ್ಲಿ 'ಉಳುವವನೇ ಹೊಲದೊಡೆಯ' ಆಯಿತು. ಇಂಟರ್ನೆಟ್ಟಿಗೆ ಅಂಥ ಕಾನೂನು ಬಂದಿಲ್ಲ. ಬಂದರೂ ನಮ್ಮ ಹುಡುಗರಿಗೆ ಉಪಯೋಗವಿಲ್ಲ, ಯಾಕೆಂದರೆ ಇವರು ಉಳುತ್ತಲೂ ಇಲ್ಲ. ಹೆಸರು ತೆಗೆದುಕೊಂಡು 'ಫಾರ್ ಸೇಲ್' ಬೋರ್ಡು ನೆಟ್ಟು ಕೂತಿದ್ದಾರೆ.

"ಹಾಗಾದ್ರೆ ಡಾಟ್ ಕಾಮ್ ಕೂಡ ಗೇಣಿನೇ ಅಲ್ವಾ?" ಅಂತ ಕೇಳಬಹುದು. ಹೌದು, ಗೇಣಿನೇ. ಆದರೆ ಗೇಣಿಗೆ ಮಿತಿ ಇದೆ. ಡಾಟ್ ಕಾಮ್ ನಡೆಸುವ ವೆರಿಸೈನ್ ಕಂಪನಿ ತನಗಿಷ್ಟ ಬಂದಂತೆ ಬೆಲೆ ಏರಿಸುವಂತಿಲ್ಲ, ವರ್ಷಕ್ಕೆ ಎಷ್ಟು ಪರ್ಸೆಂಟ್ ಅನ್ನೋದು ಕರಾರಿನಲ್ಲೇ ಇದೆ. 2024ರ ಸೆಪ್ಟೆಂಬರ್‌ನಿಂದ ಅದರ ಸಗಟು ಬೆಲೆ 10.26 ಡಾಲರ್. 2012ರಲ್ಲಿ ಐಕಾನ್ ಸಂಸ್ಥೆ ಒಂದೊಂದು ಅರ್ಜಿಗೆ 1,85,000 ಡಾಲರ್ ಶುಲ್ಕ ತೆಗೆದುಕೊಂಡು ಬಾಗಿಲು ತೆರೆಯಿತಲ್ಲ, ಆಗ ಬಂದ ಹೊಸ ಎಕ್ಸ್‌ಟೆನ್ಷನ್‌ಗಳಿಗೆ ಈ ಮಿತಿ ಇಲ್ಲ. ರಿನ್ಯೂವಲ್ ಬೆಲೆ ಏರಿಸುವುದಿದ್ದರೆ ಆರು ತಿಂಗಳು ಮೊದಲು ತಿಳಿಸಬೇಕು, ಅಷ್ಟೇ. 2017ರಲ್ಲಿ ಯೂನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಕೆಲವು ಎಕ್ಸ್‌ಟೆನ್ಷನ್‌ಗಳ ಬೆಲೆಯನ್ನು ಹತ್ತು ಪಟ್ಟಿಗೂ ಮೀರಿ ಏರಿಸುವುದಾಗಿ ಘೋಷಿಸಿತು. ಅದಕ್ಕೆ ಕೊಟ್ಟ ಕಾರಣವೂ ಮಜವಾಗಿತ್ತು: ಗಿರಾಕಿಗಳು ಕಡಿಮೆ, ಹಾಗಾಗಿ ಇರುವವರಿಂದಲೇ ಹೆಚ್ಚು ತೆಗೆದುಕೊಳ್ಳಬೇಕು! ಜನಪ್ರಿಯವಲ್ಲದ ಎಕ್ಸ್‌ಟೆನ್ಷನ್ ಕೊಂಡವರು ಈ ವಾಕ್ಯವನ್ನು ಇನ್ನೊಂದು ಸಲ ಓದಿಕೊಳ್ಳಬೇಕು.

ಈಗ ಲೆಕ್ಕಕ್ಕೆ ಬರೋಣ. 99 ರೂಪಾಯಿಯಂತೆ 40 ಹೆಸರಿಗೆ 4 ಸಾವಿರದೊಳಗೆ ಮುಗಿಯಿತು. ಎರಡನೇ ವರ್ಷ ರಿನ್ಯೂವಲ್ ಹೆಸರೊಂದಕ್ಕೆ 3 ಸಾವಿರದ ಆಸುಪಾಸು ಅಂದರೆ 1.2 ಲಕ್ಷ. ನಮ್ಮ ಟೀಮಿನ ಹುಡುಗನೊಬ್ಬ ಕಾರ್ಡಿಗೆ ಆಟೋ ರಿನ್ಯೂವಲ್ ಹಾಕಿ ಮರೆತಿದ್ದ. ಸ್ಟೇಟ್‌ಮೆಂಟ್ ಬಂದ ದಿನ ಅವನ ಮುಖ ನೋಡಬೇಕಿತ್ತು. ಊರಲ್ಲಿ ಅಪ್ಪನಿಗೆ ಬೋರ್‌ವೆಲ್ ಮೋಟರಿಗೆ ದುಡ್ಡು ಕಳಿಸಬೇಕಾದ ತಿಂಗಳದು.

ಮಾರಿದರೆ ಬರುತ್ತಲ್ಲ ಅಂತೀರಾ? ಡಾಟ್ ಕಾಮ್ ವ್ಯಾಪಾರದಲ್ಲಿ ಪಳಗಿದವರೇ ವರ್ಷಕ್ಕೆ ನೂರರಲ್ಲಿ ಒಂದೆರಡು ಹೋದರೆ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ನಿಮ್ಮ ಹತ್ತಿರ ಡಾಟ್ ಸ್ಟೋರ್‌ನ 100 ಹೆಸರು ಇವೆ, ಅದರಲ್ಲಿ ವರ್ಷಕ್ಕೊಂದು ಹೋಗುತ್ತದೆ ಅಂತ ಉದಾರವಾಗಿಯೇ ಇಟ್ಟುಕೊಳ್ಳೋಣ. ರಿನ್ಯೂವಲ್ಲಿಗೇ 3 ಲಕ್ಷ ಹೋಯಿತು. ಮಾರಿಕೊಟ್ಟ ಮಾರ್ಕೆಟ್‌ಪ್ಲೇಸು 20 ಪರ್ಸೆಂಟ್ ಕಮಿಷನ್ ಮುರಿದುಕೊಂಡರೆ ಆ ಒಂದು ಹೆಸರು 3.75 ಲಕ್ಷಕ್ಕೆ ಹೋಗಬೇಕು, ಬರೀ ಅಸಲು ಹುಟ್ಟಲಿಕ್ಕೆ. ಪ್ರತಿ ವರ್ಷವೂ.

3.75 ಲಕ್ಷ ಕೊಟ್ಟು ಅದನ್ನು ಕೊಳ್ಳುವವನು ಯಾರು ಅನ್ನುವುದೇ ನನ್ನ ಮುಖ್ಯ ಪ್ರಶ್ನೆ. ಡಾಟ್ ಕಾಮ್ ಸಿಗದೆ ಡಾಟ್ ಸ್ಟೋರ್ ಹುಡುಕುವವನು ಕೈಯಲ್ಲಿ ಕಾಸಿಲ್ಲದವನು. ಅವನು ನಿಮ್ಮ 3.75 ಲಕ್ಷದ ಬೆಲೆ ನೋಡಿ ಡಾಟ್ ಶಾಪ್‌ಗೆ ಹೋಗ್ತಾನೆ, ಅಲ್ಲಿಲ್ಲದಿದ್ದರೆ ಡಾಟ್ ಆನ್‌ಲೈನ್‌ಗೆ, ಅದೂ ಇಲ್ಲದಿದ್ದರೆ ಹೆಸರಿನ ಮುಂದೆ 'ಗೆಟ್' ಅಂತಲೋ 'ಟ್ರೈ' ಅಂತಲೋ ಸೇರಿಸಿ ಡಾಟ್ ಕಾಮ್ ತಗೋತಾನೆ. ಕಾಸಿರುವವನು ನೇರವಾಗಿ ಡಾಟ್ ಕಾಮ್ ಒಡೆಯನ ಬಾಗಿಲು ತಟ್ಟುತ್ತಾನೆ. ಫೇಸ್‌ಬುಕ್ 2005ರಲ್ಲಿ 2 ಲಕ್ಷ ಡಾಲರ್ ಕೊಟ್ಟು ತನ್ನ ಹೆಸರಿನ ಮುಂದಿದ್ದ 'ದಿ' ತೆಗೆಸಿಕೊಂಡಿತು. ಟೆಸ್ಲಾ ಬಹಳ ವರ್ಷ ಟೆಸ್ಲಾಮೋಟರ್ಸ್ ಡಾಟ್ ಕಾಮ್‌ನಲ್ಲಿ ಕಳೆದು 2016ರಲ್ಲಿ ಟೆಸ್ಲಾ ಡಾಟ್ ಕಾಮ್‌ಗೆ ಬಂತು. ಇಬ್ಬರಿಗೂ ಬೇರೆ ಎಕ್ಸ್‌ಟೆನ್ಷನ್‌ನಲ್ಲಿ ಅಗ್ಗದ ದಾರಿ ಇರಲಿಲ್ಲವೇ? ಇತ್ತು. ಹಿಡಿಯಲಿಲ್ಲ.

ಹಿಡಿದವರ ಕತೆಯೂ ಇದೆ. ಅಮೆರಿಕದ ಓವರ್‌ಸ್ಟಾಕ್ ಕಂಪನಿ ಮೂರೂವರೆ ಲಕ್ಷ ಡಾಲರ್ ಕೊಟ್ಟು 'ಓ ಡಾಟ್ ಕೋ' ಕೊಂಡಿತು. ಡಾಟ್ ಕೋ ಕೊಲಂಬಿಯಾ ದೇಶದ ಎಕ್ಸ್‌ಟೆನ್ಷನ್. 2011ರಲ್ಲಿ ಕಂಪನಿ ಅದನ್ನೇ ತನ್ನ ಹೊಸ ಹೆಸರು ಅಂತ ಟಾಂಟಾಂ ಹೊಡೆಯಿತು, ಓಕ್ಲೆಂಡಿನ ಸ್ಟೇಡಿಯಮ್ಮಿಗೂ ಆ ಹೆಸರು ಹಾಕಿಸಿತು. ಜನ ಮಾಡಿದ್ದೇನು? ಬ್ರೌಸರಿನಲ್ಲಿ 'ಓ ಡಾಟ್ ಕಾಮ್' ಅಂತ ಒತ್ತಿದರು. ಅಲ್ಲಿ ಏನೂ ಇರಲಿಲ್ಲ! ವರ್ಷ ತುಂಬುವುದರೊಳಗೆ ಕಂಪನಿ ಹಳೆಯ ಹೆಸರಿಗೆ ವಾಪಸಾಯಿತು. ಟೀವಿ ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುವವರಿಗೇ ಜನರ ಬೆರಳಿನ ಅಭ್ಯಾಸ ಬದಲಿಸಲು ಆಗಲಿಲ್ಲ.

ಹಳೇ ಬೆಂಗಳೂರಿನವರು ಬಡಾವಣೆಗೂ ಎಕ್ಸ್‌ಟೆನ್ಷನ್ ಅಂತಲೇ ಅನ್ನುತ್ತಿದ್ದರು. ಆದರೆ ಮಲ್ಲೇಶ್ವರದ ಪಕ್ಕ ಇನ್ನೊಂದು ಮಲ್ಲೇಶ್ವರ ಹುಟ್ಟಿಸಲಿಕ್ಕೆ ಆಗುವುದಿಲ್ಲ, ನೆಲಕ್ಕೆ ಬೆಲೆ ಇರುವುದೇ ಅದಕ್ಕೆ. ಇಲ್ಲಿ 2012ರ ಸುತ್ತಿನಿಂದಲೇ 1,200ಕ್ಕೂ ಹೆಚ್ಚು ಹೊಸ ಬಡಾವಣೆ ಹುಟ್ಟಿದವು. ಒಂದೊಂದರಲ್ಲೂ 'ಮ್ಯಾಂಗೋ' ಎಂಬ ಹೆಸರಿನ ಒಂದೊಂದು ಸೈಟು. ಅದರಲ್ಲೂ ಒಳ್ಳೊಳ್ಳೆ ಪದಗಳನ್ನು ರಿಜಿಸ್ಟ್ರಿಯವರು ಮೊದಲೇ 'ಪ್ರೀಮಿಯಂ' ಅಂತ ಎತ್ತಿಟ್ಟುಕೊಳ್ಳುತ್ತಾರೆ. ಕೆಲವಕ್ಕೆ ಪ್ರತಿ ವರ್ಷದ ರಿನ್ಯೂವಲ್ಲೂ ಪ್ರೀಮಿಯಮ್ಮೇ. ಮೂಲೆ ಸೈಟು, ರಸ್ತೆ ಬದಿ ಸೈಟು ಎಲ್ಲಾ ಒಡೆಯ ಇಟ್ಟುಕೊಂಡ ಮೇಲೆ ಉಳಿದ ಗುಂಡಿಯನ್ನು ನಮ್ಮ ಹುಡುಗ 99 ರೂಪಾಯಿಗೆ ಹಿಡಿದಿದ್ದಾನೆ.

ಕೋರ್ಸು ಮಾರುವವರು ಆಗ ಎರಡು ಸ್ಕ್ರೀನ್‌ಶಾಟ್ ತೆಗೆಯುತ್ತಾರೆ. 2018ರಲ್ಲಿ 'ವೆಕೇಶನ್ ಡಾಟ್ ರೆಂಟಲ್ಸ್' 5,00,300 ಡಾಲರಿಗೆ ಹೋಯಿತು, 'ಹೋಮ್ ಡಾಟ್ ಲೋನ್ಸ್' 5 ಲಕ್ಷ ಡಾಲರಿಗೆ. ಎರಡೂ ನಿಜ. ಗಮನಿಸಿ, ಎರಡರಲ್ಲೂ ಚುಕ್ಕಿಯ ಆಚೆ ಈಚೆ ಸೇರಿಯೇ ಒಂದು ಪದ. ಸಾಲದ್ದಕ್ಕೆ ಕೋಟಿ ಕೋಟಿ ಓಡಾಡುವ ವ್ಯಾಪಾರದ ಪದ. ಅಂಥ ಜೋಡಿ ಎಷ್ಟಿದ್ದಾವು? ಕೇರಳ ಲಾಟರಿಯಲ್ಲಿ ಗೆದ್ದವನ ಫೋಟೋ ಪೇಪರಿನಲ್ಲಿ ಬರುತ್ತದೆ. ಸೋತವರ ಫೋಟೋ ಹಾಕಲು ಪೇಪರಿನಲ್ಲಿ ಜಾಗ ಸಾಲುವುದಿಲ್ಲ.

"ಡಾಟ್ ಎಐ ನೋಡಿ ಸಾರ್" ಅನ್ನೋದು ಇವರ ಕೊನೆಯ ಬಾಣ. ಒಪ್ಪಿದೆ, ಅದೊಂದು ಅಪವಾದ. ಅದು ಕೆರಿಬಿಯನ್ ಸಮುದ್ರದ ಆಂಗ್ವಿಲಾ ಎಂಬ ಪುಟ್ಟ ದ್ವೀಪದ ಎಕ್ಸ್‌ಟೆನ್ಷನ್. 2023ರಲ್ಲಿ ಆ ದ್ವೀಪದ ಸರ್ಕಾರಿ ಆದಾಯದ ಐದನೇ ಒಂದು ಭಾಗ ಇದರಿಂದಲೇ ಬಂತು. ಸರಿಯಾಗಿ ಓದಿ, ದುಡ್ಡು ಎಣಿಸಿದ್ದು ಒಡೆಯ. ಇನ್ನು ದೇಶಗಳ ಎಕ್ಸ್‌ಟೆನ್ಷನ್‌ಗೆ ಅದರದ್ದೇ ಗ್ರಹಚಾರ ಇರುತ್ತದೆ. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟಮೇಲೆ ಅಲ್ಲಿನವರ ಸಾವಿರಾರು ಡಾಟ್ ಇಯು ಹೆಸರುಗಳು 2021ರ ಜನವರಿಯಲ್ಲಿ ಅಮಾನತ್ತಾದವು. ನಮ್ಮ ಸ್ಟಾರ್ಟಪ್ಪುಗಳ ಪ್ರೀತಿಯ ಡಾಟ್ ಐಒ, ಬ್ರಿಟನ್ ಮಾರಿಷಸ್‌ಗೆ ಬಿಟ್ಟುಕೊಡುತ್ತೇನೆ ಎಂದು 2025ರಲ್ಲಿ ಒಪ್ಪಂದ ಮಾಡಿಕೊಂಡ ಚಾಗೋಸ್ ದ್ವೀಪಗಳದ್ದು.

ನನಗೆ ಎಕ್ಸ್‌ಟೆನ್ಷನ್‌ಗಳ ಮೇಲೆ ಸಿಟ್ಟಿಲ್ಲ. ಡಾಟ್ ಇನ್ ತಗೊಂಡು ಬ್ಲಾಗು ಬರೀರಿ. ಕನ್ನಡ ಅಕ್ಷರದಲ್ಲೇ 'ಡಾಟ್ ಭಾರತ' ಇದೆ, ಅದರಲ್ಲಿ ನಿಮ್ಮೂರಿನ ಜಾತ್ರೆಯದ್ದೋ ಕೆರೆಯದ್ದೋ ಒಂದು ಪುಟ ಮಾಡಿ. ಎಷ್ಟೋ ಫಾರಂಗಳು ಆ ವಿಳಾಸವನ್ನು ತಪ್ಪು ಅಂತ ತಿರಸ್ಕರಿಸುತ್ತವೆ. ಆ ಫಾರಂ ಬರೆಯುವವರು ನಾವೇ ತಾನೆ, ಅದನ್ನು ಸರಿಮಾಡಿ. ಬಳಸುವವನಿಗೆ ಡಾಟ್ ಎಕ್ಸ್‌ವೈಝಡ್ ಕೂಡ ಹೆಸರೇ. ಗೂಗಲ್ಲಿನ ತಾಯಿ ಕಂಪನಿ ಆಲ್ಫಾಬೆಟ್ 2015ರಿಂದ 'ಎಬಿಸಿ ಡಾಟ್ ಎಕ್ಸ್‌ವೈಝಡ್' ಇಟ್ಟುಕೊಂಡಿದೆ. ಅದನ್ನು ಮಾರಲಿಕ್ಕೆ ಇಟ್ಟಿಲ್ಲ.

ಈಗಾಗಲೇ 40 ಹೆಸರು ಕೈಯಲ್ಲಿರುವವರು ಒಂದು ಪ್ರಯೋಗ ಮಾಡಬಹುದು. ನಿಮಗೆ ಆ ಹೆಸರು ಮಾರಿದ ರಿಜಿಸ್ಟ್ರಾರ್‌ಗೆ ಒಂದು ಈಮೇಲ್ ಹಾಕಿ, 3 ಸಾವಿರ ರಿನ್ಯೂವಲ್ ಇರುವ ಹೆಸರನ್ನು 300ಕ್ಕೆ ವಾಪಸ್ ತಗೋತೀರಾ ಅಂತ ಕೇಳಿ. ಉತ್ತರ ಬರುವಷ್ಟರಲ್ಲಿ ಆಟೋ ರಿನ್ಯೂವಲ್ ಆಫ್ ಮಾಡಿಡಿ. ಐಕಾನ್ 2026ರ ಏಪ್ರಿಲ್‌ನಿಂದ ಮತ್ತೆ ಹೊಸ ಎಕ್ಸ್‌ಟೆನ್ಷನ್‌ಗಳಿಗೆ ಅರ್ಜಿ ತೆಗೆದುಕೊಳ್ಳುವುದಾಗಿ ಹೇಳಿದೆ, ಈ ಸಲ ಶುಲ್ಕ 2,27,000 ಡಾಲರ್. ಅಷ್ಟು ಕಟ್ಟಿ ಬಂದವರು ಅದನ್ನು ಯಾರಿಂದಲಾದರೂ ವಸೂಲಿ ಮಾಡಲೇಬೇಕು. 99 ರೂಪಾಯಿ ಆಫರಿನ ಈಮೇಲು ನಿಮಗೂ ಬರುತ್ತದೆ.