ಭತ್ತದ ಗೊಬ್ಬರದ ಲೆಕ್ಕ ಗದ್ದೆಯಿಂದ ಶುರುವಾಗಲಿ

ತುಂಗಭದ್ರಾ ಅಚ್ಚುಕಟ್ಟಿನ ನಾಟಿ ಭತ್ತಕ್ಕೆ ಶಿಫಾರಸಾಗಿರುವ ಗೊಬ್ಬರ ಹೆಕ್ಟೇರಿಗೆ 150 ಕೆಜಿ ಸಾರಜನಕ, 75 ಕೆಜಿ ರಂಜಕ, 75 ಕೆಜಿ ಪೊಟ್ಯಾಷ್. ಎಕರೆ ಲೆಕ್ಕದಲ್ಲಿ ಸಾರಜನಕವೇ 60 ಕೆಜಿ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರು ಇದನ್ನೂ ಮೀರಿ ಯೂರಿಯಾ ಎರಚುತ್ತಾರೆ ಎಂಬ ದೂರು ಹಳೆಯದು. ಮುಂಗಾರಿನಲ್ಲಿ ಯೂರಿಯಾ ಸಿಗದೆ ಸೊಸೈಟಿಗಳ ಮುಂದೆ ಸಾಲು ಬೆಳೆದಾಗಲೆಲ್ಲ ಆ ದೂರಿಗೆ ಮತ್ತೆ ಜೀವ ಬರುತ್ತದೆ. ಇದು ಅನ್ಯಾಯದ ದೂರು. ಸಾವಿರಾರು ಎಕರೆಗೆ ಒಂದೇ ಅಂಕಿ ಕೊಟ್ಟು, ಮೂರು ಪೋಷಕಾಂಶಗಳಲ್ಲಿ ಒಂದನ್ನು ಮಾತ್ರ ಅಗ್ಗವಾಗಿಟ್ಟ ವ್ಯವಸ್ಥೆಯೇ ರೈತನ ಲೆಕ್ಕವನ್ನು ಮೊದಲೇ ತಪ್ಪಿಸಿದೆ.

ಸರಿಯಾದ ಲೆಕ್ಕ ಕಷ್ಟದ್ದೇನಲ್ಲ. ಗೊಬ್ಬರ ಹಾಕದಿದ್ದರೂ ಗದ್ದೆ ಒಂದಿಷ್ಟು ಬೆಳೆ ಕೊಟ್ಟೇ ಕೊಡುತ್ತದೆ. ಮಣ್ಣಿನ ಸಾವಯವ ಅಂಶ, ಕಾಲುವೆ ನೀರು, ನಿಂತ ನೀರಿನಲ್ಲಿ ಬೆಳೆಯುವ ಪಾಚಿ, ಇವೆಲ್ಲ ಸಾರಜನಕ ಒದಗಿಸುತ್ತವೆ. ಅದು ಎಷ್ಟೆಂದು ತಿಳಿಯಲು ಗದ್ದೆಯ ಒಂದು ಮೂಲೆಯಲ್ಲಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಮಡಿಗೆ ಗಟ್ಟಿಯಾಗಿ ಬದು ಕಟ್ಟಿ, ರಂಜಕ ಮತ್ತು ಪೊಟ್ಯಾಷ್ ಮಾತ್ರ ಕೊಟ್ಟು, ಯೂರಿಯಾ ಬೆರೆತ ನೀರು ಒಳಗೆ ಬಾರದಂತೆ ನೋಡಿಕೊಂಡರೆ ಸಾಕು. ಆ ಮಡಿಯ ಇಳುವರಿಗೂ ರೈತ ಬಯಸುವ ಇಳುವರಿಗೂ ಇರುವ ಅಂತರವನ್ನಷ್ಟೇ ಗೊಬ್ಬರ ತುಂಬಬೇಕು. ಚೆನ್ನಾಗಿ ನಿಭಾಯಿಸಿದ ಗದ್ದೆಯಲ್ಲಿ ಒಂದು ಕೆಜಿ ಸಾರಜನಕಕ್ಕೆ ಸುಮಾರು 20 ಕೆಜಿ ಭತ್ತ ಹೆಚ್ಚುತ್ತದೆ.

ಯೂರಿಯಾ ಇಲ್ಲದೆಯೇ ಎಕರೆಗೆ 75 ಕೆಜಿಯ 20 ಚೀಲ ಕೊಡುವ ಗದ್ದೆಯಲ್ಲಿ 32 ಚೀಲ ಬೇಕೆಂದರೆ ಅಂತರ 12 ಚೀಲ, ಅಂದರೆ 900 ಕೆಜಿ. ಅದಕ್ಕೆ ಬೇಕಾದದ್ದು 45 ಕೆಜಿ ಸಾರಜನಕ. ಒಂದು ಚೀಲ ಡಿಎಪಿಯಿಂದ 9 ಕೆಜಿ ಬಂದರೆ, ಉಳಿದ 36 ಕೆಜಿಗೆ 78 ಕೆಜಿ ಯೂರಿಯಾ; ಎರಡು ಚೀಲವೂ ಪೂರ್ತಿ ಬೇಡ. ಬದುವಿನಾಚೆಯ ಗದ್ದೆ ತಾನಾಗಿಯೇ 25 ಚೀಲ ಕೊಡುವಂಥದ್ದಾದರೆ ಅದೇ ಗುರಿಗೆ 38 ಕೆಜಿ ಯೂರಿಯಾ ಸಾಕು, ಒಂದು ಚೀಲದಲ್ಲೂ ಮಿಗುತ್ತದೆ. ಶಿಫಾರಸಿನ ಕಣ್ಣಿಗೆ ಮಾತ್ರ ಈ ಎರಡೂ ಗದ್ದೆಗಳು ಒಂದೇ.

ಮಣ್ಣು ಪರೀಕ್ಷೆ ಈ ಕೊರತೆ ನೀಗಿಸುತ್ತದೆ ಎಂಬ ವಾದವಿದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ನೀರಾವರಿ ಪ್ರದೇಶದ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಪದ್ಧತಿ ಇತ್ತು. ಆರು ಎಕರೆಯಲ್ಲಿ ಎಷ್ಟು ರೈತರ ಗದ್ದೆಗಳಿರುತ್ತವೆ ಎಂಬುದು ಹಳ್ಳಿ ಬಲ್ಲವರಿಗೆ ಗೊತ್ತು. ಸತು, ರಂಜಕ, ಪೊಟ್ಯಾಷ್ ಕೊರತೆ ತಿಳಿಯಲು ಕಾರ್ಡು ನೆರವಾಗುತ್ತದೆ, ನಿಜ. ಆದರೆ ಒಣ ಮಣ್ಣಿನ ಮಾದರಿಯಲ್ಲಿ ಅಳೆದ ಸಾರಜನಕ, ನೀರು ನಿಂತ ಗದ್ದೆಯಲ್ಲಿ ಪೈರಿಗೆ ದಕ್ಕುವ ಸಾರಜನಕವನ್ನು ಸರಿಯಾಗಿ ಸೂಚಿಸುವುದಿಲ್ಲ.

ಅದನ್ನು ಪೈರೇ ಹೇಳುತ್ತದೆ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಎಲೆ ಬಣ್ಣದ ಪಟ್ಟಿ ತಿಳಿಹಸಿರಿನಿಂದ ಕಡುಹಸಿರಿನವರೆಗಿನ ಬಣ್ಣಗಳಿರುವ ಪ್ಲಾಸ್ಟಿಕ್ ತುಂಡು. ನಾಟಿಯಾಗಿ ಎರಡು ವಾರದ ಮೇಲೆ, ಏಳರಿಂದ ಹತ್ತು ದಿನಕ್ಕೊಮ್ಮೆ, ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ಮೈನೆರಳಿನಲ್ಲಿ ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ಪಟ್ಟಿಯ ಮೇಲಿಟ್ಟು ನೋಡಬೇಕು. ಹತ್ತು ಎಲೆಗಳಲ್ಲಿ ಆರು ಆ ತಳಿಯ ಗಡಿಬಣ್ಣಕ್ಕಿಂತ ತಿಳಿಯಾಗಿದ್ದರೆ ಮೇಲುಗೊಬ್ಬರ. ಇಲ್ಲದಿದ್ದರೆ ಯೂರಿಯಾ ಚೀಲ ಮನೆಯಲ್ಲೇ ಇರಲಿ. ಕಡುಹಸಿರು ಗದ್ದೆ ಕಣ್ಣಿಗೆ ಚೆಂದ. ಆದರೆ ಬೆಂಕಿ ರೋಗ ಮತ್ತು ಕಂದು ಜಿಗಿಹುಳು ಮೊದಲು ಎರಗುವುದು ಅಲ್ಲಿಗೇ, ಪೈರು ನೆಲಕ್ಕೊರಗುವುದೂ ಅಲ್ಲೇ. ಈ ಭಾಗದ ಮೆಚ್ಚಿನ ಬಿಪಿಟಿ 5204 ತಳಿಯಂತೂ ಬೆಂಕಿ ರೋಗಕ್ಕೆ ಸುಲಭವಾಗಿ ತುತ್ತಾಗುವಂಥದ್ದು.

ಇನ್ನು ಬೆಲೆ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಡಲಾಯಿತು. 45 ಕೆಜಿ ಯೂರಿಯಾ ಚೀಲಕ್ಕೆ ಸುಮಾರು 266 ರೂಪಾಯಿ. 50 ಕೆಜಿ ಡಿಎಪಿಗೆ 1,350, ಪೊಟ್ಯಾಷ್‌ಗೆ ಅದಕ್ಕಿಂತಲೂ ಹೆಚ್ಚು. ಕೈ ಬಿಗಿಯಿರುವ ರೈತ ಯಾವುದನ್ನು ಬಿಟ್ಟು ಯಾವುದನ್ನು ಕೊಳ್ಳುತ್ತಾನೆ ಎಂಬುದಕ್ಕೆ ಅಧ್ಯಯನವೇ ಬೇಕಿಲ್ಲ. ಪೈರು ಹೀರಿದ ಪೊಟ್ಯಾಷಿನ ಬಹುಪಾಲು ಹುಲ್ಲಿನಲ್ಲಿರುತ್ತದೆ. ಹುಲ್ಲು ಗದ್ದೆಯಿಂದಾಚೆ ಹೋದಾಗ ಅದೂ ಹೋಗುತ್ತದೆ, ಬದಲಿಗೆ ಏನೂ ಬರುವುದಿಲ್ಲ.

ಈ ಇಕ್ಕಟ್ಟಿಗೆ ಪರಿಹಾರವೆಂದು 2021ರಲ್ಲಿ ಇಫ್ಕೋ ನ್ಯಾನೋ ಯೂರಿಯಾ ತಂದಿತು. ಅರ್ಧ ಲೀಟರ್ ಬಾಟಲಿ ಒಂದು ಚೀಲಕ್ಕೆ ಸಮ ಎಂಬ ಪ್ರಚಾರ ನಡೆಯಿತು. ಶೇ 4ರ ಆ ಬಾಟಲಿಯಲ್ಲಿದ್ದ ಸಾರಜನಕ 20 ಗ್ರಾಂ. ಚೀಲದಲ್ಲಿರುವುದು 20 ಕೆಜಿಗೂ ಮಿಗಿಲು. ಚೀಲದ ಸಾರಜನಕದಲ್ಲಿ ಮೂರನೇ ಒಂದು ಪಾಲಷ್ಟೇ ಪೈರಿಗೆ ದಕ್ಕಿ, ಬಾಟಲಿಯದ್ದು ಹನಿಯೂ ಪೋಲಾಗದೆ ಒಳಸೇರಿದರೂ ಲೆಕ್ಕ ಕೂಡುವುದಿಲ್ಲ. ಒಂದು ಟನ್ ಭತ್ತ ಬೆಳೆಯಲು ಪೈರಿಗೆ 15ರಿಂದ 20 ಕೆಜಿ ಸಾರಜನಕ ಬೇಕೇ ಬೇಕು.

ಆಗಬೇಕಾದ ಕೆಲಸ ಸ್ಪಷ್ಟವಿದೆ. ಯೂರಿಯಾ ಮತ್ತು ಪೊಟ್ಯಾಷ್ ನಡುವಿನ ಬೆಲೆಯ ಕಂದಕವನ್ನು ಕೇಂದ್ರ ಸರ್ಕಾರ ಕಿರಿದು ಮಾಡಬೇಕು. ಯೂರಿಯಾ ದರ ಏರಿಸಿದರೆ ಆ ಹಣ ರೈತನ ಖಾತೆಗೇ ಮರಳಬೇಕು. ರಾಜ್ಯದ ಕೃಷಿ ಇಲಾಖೆ ಊರಿಗೆ ಕೆಲವಾದರೂ ಯೂರಿಯಾರಹಿತ ಮಡಿಗಳನ್ನು ರೈತರ ಗದ್ದೆಯಲ್ಲೇ ಮಾಡಿಸಿ, ಅವುಗಳ ಇಳುವರಿಯನ್ನು ಪಂಚಾಯಿತಿ ಕಟ್ಟೆಯಲ್ಲಿ ಬರೆಸಲಿ. ಮುಂದಿನ ನಾಟಿಯೊಳಗೆ ಪ್ರತಿ ರೈತ ಸಂಪರ್ಕ ಕೇಂದ್ರದಲ್ಲೂ ಎಲೆ ಬಣ್ಣದ ಪಟ್ಟಿ ರೈತರ ಕೈಗೆ ಸಿಗುವಂತಾಗಲಿ.