ಟ್ರಂಕಿನಿಂದ ಟ್ರಂಕಿಗೆ ತಿರುಗುವ ಆಯೇರಿ

ಲಗ್ನದ ಸುಗ್ಗಿ ಬಂತೆಂದರೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಮನೆಗಳಲ್ಲಿ ಹಳೇ ಟ್ರಂಕುಗಳು ಬಾಯಿ ತೆರೆಯುತ್ತವೆ. ಹೋದ ವರ್ಷ ಬೀಗರು ಹೊದಿಸಿದ ಟಾವೆಲ್, ತಲೆಗೆ ಇಟ್ಟ ಟೋಪಿ, ಉಡಿಯಲ್ಲಿ ಬಂದ ಕುಬಸದ ಖಣ ಹೊರಗೆ ಬರುತ್ತವೆ. ಮಡಿಕೆ ಬಿಚ್ಚದ ಆ ಬಟ್ಟೆ ಇನ್ನೊಬ್ಬರ ಲಗ್ನಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೊಂದು ಟ್ರಂಕು ಸೇರುತ್ತದೆ. ಉಟ್ಟವರಿಲ್ಲ, ತೊಟ್ಟವರಿಲ್ಲ.

ಆಯೇರಿ ಎಂಬುದು ಕೆಟ್ಟ ಪದ್ಧತಿಯಲ್ಲ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಒಂದು ಮನೆಯ ಲಗ್ನದ ಭಾರವನ್ನು ನಾಲ್ಕು ಮನೆಯವರು ಹೊರುವ ರೀತಿ ಅದು. ಕೊಟ್ಟ ಬಟ್ಟೆ ಮೈಮೇಲೆ ಬರುತ್ತಿತ್ತು, ಪಾತ್ರೆ ಒಲೆಯ ಮೇಲೆ ಏರುತ್ತಿತ್ತು. ಈಗಿನ ಆಯೇರಿಯ ಟಾವೆಲ್ ಬಹಳ ಸಲ ಮೈ ಒರೆಸಲಿಕ್ಕೆ ಬರುವುದಿಲ್ಲ, ಖಣ ಕುಬಸಕ್ಕೆ ಸಾಲುವುದಿಲ್ಲ. ಆದರೂ ಗಂಟುಗಟ್ಟಲೆ ಖರೀದಿ ನಿಂತಿಲ್ಲ. "ಅವರು ಮಾಡ್ಯಾರ, ನಾವು ಮಾಡದಿದ್ರ ಮಂದಿ ಏನಂದಾರು?" ಎಂಬ ಒಂದು ಮಾತಿಗೆ ಅಂಜಿ, ಉದ್ರಿ ತಂದಾದರೂ ಮಾನಪಾನ ನಡೆಸುವ ಮನೆಗಳಿವೆ. ಒಬ್ಬ ಸೋದರಮಾವನ ಹೆಸರು ಕೂಗುವುದು ತಪ್ಪಿದರೆ ಮುನಿಸು ವರ್ಷಗಟ್ಟಲೆ ನಡೆಯುತ್ತದೆ.

ಈ ಖರ್ಚು ಕಿಸೆಯದಷ್ಟೇ ಅಲ್ಲ. ಜಗತ್ತಿನ ಸರಾಸರಿ ಲೆಕ್ಕದಲ್ಲಿ ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಸುಮಾರು 10 ಸಾವಿರ ಲೀಟರ್ ನೀರು ಇರುತ್ತದೆ. ಬರಗಾಲದಲ್ಲಿ ಟ್ಯಾಂಕರಿನ ದಾರಿ ಕಾದ ಜತ್ತದ ಮಂದಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಾಲಿಸ್ಟರ್ ಖಣವಂತೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ಬಂದಿ ಆಯಿತು. 2022ರ ಜುಲೈ 1ರಿಂದ ಮಿಠಾಯಿ ಡಬ್ಬಿ, ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಗೂ ದೇಶದಾದ್ಯಂತ ನಿಷೇಧ ಬಂತು. ಆದರೆ ಬೇಡದ ವಸ್ತು ಕೊಳ್ಳುವುದನ್ನು ಯಾವ ಕಾಯ್ದೆಯೂ ತಡೆಯಲಾರದು. ಅದು ಮನೆಯವರೇ ಮಾಡಬೇಕಾದ ಕೆಲಸ.

"ಟಾವೆಲ್ ಬಿಟ್ಟರೆ ಸೊಲ್ಲಾಪುರದ ಮಗ್ಗದವರ ಹೊಟ್ಟೆಪಾಡು ಏನು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯದ್ದೇ. ಸೊಲ್ಲಾಪುರದ ಚಾದರ ಮತ್ತು ಟಾವೆಲ್‌ಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಹೆಸರು ಬಂದದ್ದು ಗಟ್ಟಿ ನೇಯ್ಗೆಯಿಂದ. ಹತ್ತು ಜಾಳು ಟಾವೆಲ್ ಕೊಳ್ಳುವ ಹಣದಲ್ಲಿ ಹತ್ತು ವರ್ಷ ಬಾಳುವ ಒಂದು ಚಾದರ ಕೊಂಡರೆ ನೇಕಾರನಿಗೂ ಮಾನ, ಮನೆಗೂ ಉಪಯೋಗ.

ಹಾಗಾದರೆ ಮಾಡುವುದೇನು? ಲಗ್ನ ನಿಶ್ಚಯದ ದಿನವೇ ಎರಡೂ ಕಡೆಯ ಹಿರಿಯರು ಕೂತು ಬಟ್ಟೆಯ ಆಯೇರಿ ಬೇಡವೆಂದು ಮಾತಾಡಿಕೊಳ್ಳಲಿ. ಅದನ್ನು ಪತ್ರಿಕೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಅಚ್ಚು ಹಾಕಿಸಲಿ. ಬರೇ ಅಚ್ಚು ಹಾಕಿಸಿದರೆ ಸಾಲದು. ಮಾಂಡವದಲ್ಲಿ ಮೊದಲ ಮಾನ ಯಾರದೋ ಅವರೇ ಎದ್ದು "ನನಗ ಟಾವೆಲ್ ಬ್ಯಾಡ್ರಿ, ನಿಮ್ಮ ಮಾತೇ ಸಾಕು" ಎನ್ನಬೇಕು. ಬಡವರು ಮೊದಲು ಬಿಟ್ಟರೆ ಜನ ಜಿಪುಣರೆನ್ನುತ್ತಾರೆ. ಉಳ್ಳವರು ಬಿಟ್ಟರೆ ಅದೇ ಪದ್ಧತಿಯಾಗುತ್ತದೆ.

ಟ್ರಂಕಿನಲ್ಲಿ ಈಗಾಗಲೇ ಕೂತಿರುವ ಬಟ್ಟೆಗೂ ದಾರಿ ಇದೆ. ಹಳೇ ಸೀರೆ ನಡುವೆ ಇಟ್ಟು, ಖಣದ ತುಂಡುಗಳನ್ನು ಮೇಲೆ ಜೋಡಿಸಿ ಕೌದಿ ಹೊಲಿಯುವ ಅಜ್ಜಿಯರು ಊರಲ್ಲಿ ಇನ್ನೂ ಇದ್ದಾರೆ. ಅವರ ಕೈ ನಡೆಯುವಾಗಲೇ ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಕಲಿಯಬೇಕು. ಈ ಸಲ ಟ್ರಂಕು ತೆರೆದಾಗ ಮಡಿಕೆಯನ್ನೂ ಬಿಚ್ಚಿ ನೋಡಿ. ನಿಮ್ಮ ಮನೆಯಲ್ಲಿ ಬಳಸಲಿಕ್ಕೆ ಬಾರದ ಬಟ್ಟೆಯನ್ನು ಇನ್ನೊಬ್ಬರಿಗೆ ಮಾನವೆಂದು ಕೊಡುವುದು ಬೇಡ.