ಅಪ್ಪನ ಕೆಲಸಕ್ಕೊಂದು ಸರ್ಟಿಫಿಕೇಟು

ನನ್ನಪ್ಪನ ಕೈ ಮೂಸಿದ್ದೀರಾ? ನಾನು ಮೂಸಿದ್ದೇನೆ. ಕೆಂಪು ಸೋಪು ಹಚ್ಚಿ ಮೂರು ಸಲ ತಿಕ್ಕಿದರೂ ಉಗುರಿನ ಸಂದಿ ಬಿಟ್ಟು ಹೋಗದ ಆ ವಾಸನೆ ನಾವು ಉಣ್ಣುವ ಮುದ್ದೆಯಲ್ಲೂ ಇರುತ್ತಿತ್ತು. ಅದು ಅಪ್ಪನ ವಾಸನೆಯಲ್ಲ. ನಿಮ್ಮ ಗುಂಡಿಯದು. ನಿಮ್ಮ ಹೊಟ್ಟೆಯದು.

2009ನೇ ಇಸವಿ. ನಾನು ಏಳನೇ ಕ್ಲಾಸು, ಅಣ್ಣ ಒಂಬತ್ತು. ‘ಅಶುಚಿ ವೃತ್ತಿ’ ಮಾಡುವವರ ಮಕ್ಕಳಿಗೆಂದು ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಒಂದಿತ್ತು, 1977-78ರಲ್ಲೇ ಶುರುವಾದದ್ದು. ಮಲ ಬಾಚುವವರು, ಚರ್ಮ ಹದ ಮಾಡುವವರು, ಸತ್ತ ದನ ಸುಲಿಯುವವರ ಮಕ್ಕಳಿಗೆ. ಮನೆಯಿಂದ ಶಾಲೆಗೆ ಹೋಗಿ ಬರುವ ಮಗುವಿಗೆ ಆಗ ತಿಂಗಳಿಗೆ 110 ರೂಪಾಯಿ, ವರ್ಷದಲ್ಲಿ 10 ತಿಂಗಳು, ಅದರ ಮೇಲೆ ವರ್ಷಕ್ಕೊಮ್ಮೆ 750. ಅಪ್ಪ ಆ ಕೆಲಸವನ್ನೇ ಮಾಡುತ್ತಾನೆಂದು ಊರಿನ ಅಧಿಕಾರಿ ಬರೆದುಕೊಡಬೇಕು. ಬಡತನ ಇದ್ದರೆ ಸಾಲದು, ಹೇಲು ಬಾಚುತ್ತಾನೆಂದು ಸೀಲು ಬೀಳಬೇಕು.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಫಾರಂ ಹಿಡಿದು ಜೊತೆಗೆ ಹೋದವನು ನಾನು. ಬಾಗಿಲಾಚೆ ಚಪ್ಪಲಿ ಬಿಟ್ಟು, ತಲೆಯ ವಸ್ತ್ರ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಅಪ್ಪ ಹೇಳಿದ: “ಸಾಮಿ, ಹುಡುಗರ ಇಸ್ಕೂಲ್ ದುಡ್ಡಿಗೆ ಒಂದು ಸೈನು.”

ಅಧಿಕಾರಿ ಫಾರಂ ಮುಟ್ಟಲಿಲ್ಲ. ಮೇಜಿನ ಅಂಚಿನಲ್ಲಿ ಇಡಿಸಿ, ಪೆನ್ನಿನ ತುದಿಯಿಂದ ಹಾಳೆ ತಿರುವಿ ನೋಡಿದ.

“ಲೇ, 1993ರಲ್ಲೇ ಕಾನೂನು ಬಂದದೆ. ಈ ಊರಲ್ಲಿ ಕಕ್ಕಸು ಬಳಿಯೋರು ಒಬ್ಬರೂ ಇಲ್ಲ ಅಂತ ನಾನೇ ಮೇಲಕ್ಕೆ ಬರೆದುಕೊಟ್ಟಿದ್ದೀನಿ. ಈಗ ನಿನಗೆ ಸೈನ್ ಹಾಕಿದ್ರೆ ನನ್ನ ಕೆಲಸ ಹೋಗ್ತದೆ.”

ಅಪ್ಪನ ಪಂಚೆಯ ಅಂಚು ಇನ್ನೂ ಒದ್ದೆಯಾಗಿತ್ತು. ಅವತ್ತು ಕೋಳಿ ಕೂಗುವ ಹೊತ್ತಿಗೆ ಆ ಅಧಿಕಾರಿಯ ಮನೆಯ ಗುಂಡಿಗೆ ಇಳಿದಿದ್ದವನು ನನ್ನಪ್ಪನೇ.

ಆ ವರ್ಷ ದುಡ್ಡು ಬರಲಿಲ್ಲ. ಅಣ್ಣನನ್ನು ಯಾರೂ ಶಾಲೆ ಬಿಡಿಸಲಿಲ್ಲ. ಅವನೇ ಒಂದು ದಿನ ಪುಸ್ತಕದ ಚೀಲ ಗೂಟಕ್ಕೆ ಸಿಕ್ಕಿಸಿ, ಅಪ್ಪನ ಹಿಂದೆ ಬಕೆಟ್ಟು ಹಿಡಿದು ಹೊರಟ. ಲೆಕ್ಕದಲ್ಲಿ ನನಗಿಂತ ಎಷ್ಟೋ ಜಾಣ ಅವನು. ಒಂದು ರುಜುವಿಗೆ ಊರು ಅವನನ್ನು ಗುಂಡಿಗೆ ಹಾಕಿತು.

ಮರುವರ್ಷ ಬೇರೆ ಅಧಿಕಾರಿ ಬಂದ. 200 ರೂಪಾಯಿ ತಗೊಂಡು ಸೀಲು ಒತ್ತಿದ. ನನಗೆ ದುಡ್ಡು ಬಂತು. ಬರುವ ಮುಂಚೆ ಮೇಷ್ಟ್ರು ತರಗತಿಯಲ್ಲಿ, “ಕಕ್ಕಸು ಸ್ಕಾಲರ್‌ಶಿಪ್ಪಿನವನು ಎದ್ದು ನಿಲ್ಲೋ” ಅಂದರು. ನಿಂತೆ. ಪಕ್ಕದಲ್ಲಿ ಕೂತಿದ್ದ ಹುಡುಗ ತನ್ನ ನೀರಿನ ಬಾಟಲಿ ಎತ್ತಿ ಆ ಕಡೆ ಇಟ್ಟುಕೊಂಡ. ಆ ಬಾಟಲಿಯ ನೀಲಿ ಮುಚ್ಚಳ ಇವತ್ತಿಗೂ ನನ್ನ ಕಣ್ಣಲ್ಲಿ ನೆಟ್ಟಿದೆ.

ಆದರೂ ಹೇಳುತ್ತೇನೆ, ಕೇಳಿ. ಆ ದುಡ್ಡು ಬೇಕಿತ್ತು. ಅದರಲ್ಲೇ ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು, ಹರಿಯದ ಒಂದು ಚಡ್ಡಿ. ಅದು ಬರದೇ ಹೋಗಿದ್ದರೆ ನಾನು ಇವತ್ತು ಬರೆಯುತ್ತಿರಲಿಲ್ಲ, ಅಣ್ಣನ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿರುತ್ತಿದ್ದೆ. “ನಮ್ಮ ಟ್ಯಾಕ್ಸ್ ದುಡ್ಡು ಬಿಟ್ಟಿ ಹಂಚ್ತಾರೆ” ಎಂದು ಕಾಫಿ ಹೀರುತ್ತಾ ಗೊಣಗುವವರೇ, ನಿಮ್ಮ ಬಚ್ಚಲು ಕಟ್ಟಿದ ದಿನ ಯಾರಿಗೆ ಫೋನ್ ಮಾಡುತ್ತೀರಿ? ಬಿಟ್ಟಿ ತಿಂದವರು ನಾವಲ್ಲ. ತಲೆಮಾರುಗಳಿಂದ ನಮ್ಮ ಮೈಯನ್ನು ಬಿಟ್ಟಿ ದುಡಿಸಿಕೊಂಡವರು ನೀವು.

ವಿದ್ಯಾರ್ಥಿವೇತನದ ಈ ಕಥೆ ಹೊಸದಲ್ಲ. 1913ರಲ್ಲಿ ಅಂಬೇಡ್ಕರ್‌ಗೆ ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಅದೇ ಬರೋಡಕ್ಕೆ ಕೆಲಸಕ್ಕೆ ಬಂದರೆ ಇಡೀ ಊರಿನಲ್ಲಿ ಮಲಗಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಇದ್ದಾಗ ಅವರ ಜಾತಿ ಗೊತ್ತಾಗಿ, ದೊಣ್ಣೆ ಹಿಡಿದು ಬಂದವರು ಸಂಜೆಯೊಳಗೆ ಖಾಲಿ ಮಾಡು ಎಂದರು. ಅರಮನೆಯ ದುಡ್ಡು ಅವರನ್ನು ಸಮುದ್ರ ದಾಟಿಸಿತು, ಊರಿನ ಹೊಸ್ತಿಲು ದಾಟಿಸಲಿಲ್ಲ. ನೂರು ವರ್ಷ ಕಳೆದರೂ ನಮ್ಮ ಮಕ್ಕಳು ಅದೇ ಹೊಸ್ತಿಲಲ್ಲಿ ನಿಂತಿದ್ದಾರೆ.

ಈಗ ಅಣ್ಣನ ಮಗಳು ಶಾಲೆಗೆ ಹೋಗುತ್ತಿದ್ದಾಳೆ. ನಡುವೆ ಒಮ್ಮೆ ಯೋಜನೆಯ ಹೆಸರಿನಿಂದ ‘ಅಶುಚಿ’ ತೆಗೆದುಹಾಕಿ, ಶುಚಿ ಮಾಡುವ, ಆರೋಗ್ಯಕ್ಕೆ ಅಪಾಯವಿರುವ ವೃತ್ತಿ ಎಂದು ಬರೆದಿದ್ದರು. ದುಡ್ಡು ಈಗ ವರ್ಷಕ್ಕೆ 3,500. ದಿನಕ್ಕೆ 10 ರೂಪಾಯಿಯೂ ಬೀಳುವುದಿಲ್ಲ. ಅದಕ್ಕೆ ನಾಡಕಚೇರಿಯಲ್ಲಿ ಜಾತಿ ಸರ್ಟಿಫಿಕೇಟು, ಬ್ಯಾಂಕಿನಲ್ಲಿ ಆಧಾರ್ ಜೋಡಣೆ, ಸೈಬರ್ ಅಂಗಡಿಯಲ್ಲಿ ಅರ್ಜಿ. ಶಾಲೆಯ ದಾಖಲೆಯಲ್ಲಿ ಒಂದು ಇನಿಶಿಯಲ್ಲು, ಆಧಾರಿನಲ್ಲಿ ಇನ್ನೊಂದು. ಅದನ್ನು ಸರಿಮಾಡಿಸಲು ಅತ್ತಿಗೆ ಮೂರು ದಿನದ ಕೂಲಿ ಕಳೆದುಕೊಂಡಳು. ಎಲ್ಲ ಆಯಿತು. ಉಳಿದದ್ದು ಅವಳ ಅಪ್ಪನ ಕೆಲಸದ ಸರ್ಟಿಫಿಕೇಟು. ಈಗಿನ ಅಧಿಕಾರಿ ಹೇಳುವುದು ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾನೂನು: “ಆ ಕೆಲಸಾನೇ ಇಲ್ವಲ್ಲಪ್ಪಾ.” ಇಸವಿ ಬದಲಾಗಿದೆ, ಬಾಯಿ ಬದಲಾಗಿದೆ, ಸುಳ್ಳು ಅದೇ.

ನಮ್ಮ ಮಕ್ಕಳ ಓದಿನ ದುಡ್ಡು ಕೊಡಿ. ಶಾಲೆಯ ಬಾಗಿಲು ತೆರೆದ ದಿನವೇ ತಾಯಿಯ ಖಾತೆಗೆ ಹಾಕಿ. ಆ ಮನೆಯ ಬಡತನ ನಿಮ್ಮ ರೇಷನ್ ಕಾರ್ಡಿನಲ್ಲೇ ಇದೆ, ಜಾತಿ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಮತ್ತೆ ಮತ್ತೆ ಹೇಲಿನ ಸಾಕ್ಷಿ ಯಾಕೆ ಕೇಳುತ್ತೀರಿ? ಅಪ್ಪನ ಮಾನ ಅಡವಿಟ್ಟು ಮಗಳು ಅಕ್ಷರ ಬಿಡಿಸಿಕೊಳ್ಳಬೇಕೆ? ಸರ್ಟಿಫಿಕೇಟು ಬೇಕಾಗಿರುವುದು ಆ ಕೆಲಸ ಮಾಡಿಸುವವರಿಗೆ. ಅವರ ಹೆಸರು ಬರೆಯಿರಿ, ಸೀಲು ಒತ್ತಿ, ಜೈಲಿಗೆ ಕಳಿಸಿ.

ಮೊನ್ನೆ ಅಣ್ಣನನ್ನು ಹುಡುಕಿಕೊಂಡು ಹೋದೆ. ರಸ್ತೆ ಬದಿಯಲ್ಲಿ ಮ್ಯಾನ್‌ಹೋಲಿನ ಮುಚ್ಚಳ ತೆಗೆದಿತ್ತು. ಅಣ್ಣ ಅಂಗಿ ಬಿಚ್ಚುತ್ತಿದ್ದ. ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮಗಳ ಫಾರಂ ತೆಗೆದು ನನ್ನ ಕೈಗಿಟ್ಟ.

“ಹಿಡ್ಕೊಳೋ, ನೆನೆದು ಹೋದಾತು. ಮಧ್ಯಾಹ್ನ ಸಾಹೇಬ್ರು ಸಿಕ್ತಾರಂತೆ.”

ಇಳಿದ.

ಸಾಹೇಬರು ಅವತ್ತೂ ಸಿಗಲಿಲ್ಲ. ಫಾರಂ ಇನ್ನೂ ನನ್ನ ಕೈಯಲ್ಲಿದೆ.